ಚಳಿಗೆ ಅರಳುವ ಉಪ್ಪು

ಚೀನಾದ ಷಿಯಾನ್ ನಗರಕ್ಕೆ ಹೋದವರೆಲ್ಲ ಮೊದಲು ನೋಡುವುದು ಆ ಮಣ್ಣಿನ ಸೈನಿಕರ ಸಾಲನ್ನು. ನಾನೂ ನೋಡಿದೆ, ಫೋಟೊ ತೆಗೆದೆ, ಮನೆಯವರ ಗ್ರೂಪಿಗೆ ಹಾಕಿದೆ, ಹತ್ತು ಹೆಬ್ಬೆಟ್ಟು ಬಂದವು. ಆಫೀಸಿನ ಕೆಲಸಕ್ಕೆಂದು ಅಲ್ಲಿ ಮೂರು ತಿಂಗಳು ಇದ್ದ ನನಗೆ ಈಗಲೂ ಹೆಚ್ಚು ನೆನಪಾಗುವ ಜಾಗ ಬೇರೆ. ಷಿಯಾನ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಯುನ್‌ಚೆಂಗ್. ಆ ಊರಿಗೆ ಅಂಟಿಕೊಂಡೇ ಒಂದು ಉಪ್ಪಿನ ಕೆರೆ ಇದೆ. ಬೇಸಿಗೆಯಲ್ಲಿ ಅದು ಅಡುಗೆ ಉಪ್ಪು ಕೊಡುತ್ತಿತ್ತು. ಚಳಿಗಾಲದಲ್ಲಿ ಔಷಧಿ ಕೊಡುತ್ತಿತ್ತು.

ಔಷಧಿಯ ಹೆಸರು ಮಾಂಗ್ ಷಿಯಾವ್. ನಾನು ಅದನ್ನು ಮೊದಲು ನೋಡಿದ್ದು ಕೆರೆಯಲ್ಲಿ ಅಲ್ಲ, ನಮ್ಮ ಆಫೀಸಿನ ವಾಷ್‌ರೂಮಿನಲ್ಲಿ. ನನ್ನ ಪಕ್ಕದ ಸೀಟಿನ ಗೆಳತಿ ಹೆರಿಗೆ ರಜೆ ಮುಗಿಸಿ ಬಂದಿದ್ದಳು. ಮಗುವನ್ನು ಯುನ್‌ಚೆಂಗ್‌ನಲ್ಲಿ ತವರಿನಲ್ಲಿ ಬಿಟ್ಟು, ಹಾಲು ಬಿಡಿಸಿ, ಕೆಲಸಕ್ಕೆ ಸೇರಿದ ಮೊದಲ ವಾರ. ಹಾಲು ಕಟ್ಟಿ ಎದೆ ಕಲ್ಲಾಗಿ, ಮೀಟಿಂಗಿನ ಮಧ್ಯೆ ಎದ್ದು ಹೋಗುತ್ತಿದ್ದಳು. ಒಮ್ಮೆ ನಾನೂ ಹಿಂದೆಯೇ ಹೋದೆ. ಅಂಗೈ ಅಗಲದ ಎರಡು ಬಟ್ಟೆ ಚೀಲ ಕೈಯಲ್ಲಿ ಹಿಡಿದು ನಿಂತಿದ್ದಳು. ಒಳಗೆ ಕಲ್ಲುಸಕ್ಕರೆಯ ಚೂರಿನಂಥ ಹರಳು. ರವಿಕೆಯೊಳಗೆ ಇಟ್ಟುಕೊಂಡರೆ ಹಾಲು ಇಳಿಯುತ್ತದೆ, ಬಾವು ಕಡಿಮೆಯಾಗುತ್ತದೆ ಅಂದಳು. ಬೆಳಿಗ್ಗೆ ಗಲಗಲ ಎನ್ನುತ್ತಿದ್ದ ಚೀಲ ಮಧ್ಯಾಹ್ನಕ್ಕೆ ಒದ್ದೆಯಾಗಿ ಹೆಪ್ಪುಗಟ್ಟಿತ್ತು. "ನಮ್ಮಲ್ಲಿ ಇದಕ್ಕೆ ಮಲ್ಲಿಗೆ ಹೂ ಕಟ್ಟುತ್ತಾರೆ" ಅಂದೆ. ಅವಳು ನಂಬಲಿಲ್ಲ. ಹೂವಿಂದ ಹಾಲು ನಿಲ್ಲುತ್ತಾ ಅಂತ ಕೇಳಿ, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ಉಪ್ಪಿಂದ ನಿಲ್ಲುತ್ತಾ ಅಂತ ನಾನು ಕೇಳಲಿಲ್ಲ, ಬಿಡಿ.

"ಇದು ನಮ್ಮೂರ ಕೆರೆಯದು. ನಮ್ಮಪ್ಪ ತೆಗೆಯುತ್ತಿದ್ದುದು" ಅಂದಳು. ಆ ಮಾತಿನ ಮೇಲೆಯೇ ಜನವರಿಯ ಒಂದು ಶುಕ್ರವಾರ ಸಂಜೆ ಅವಳ ಜೊತೆ ರೈಲು ಹತ್ತಿದೆ. ಅವಳಿಗೆ ಮಗುವನ್ನು ನೋಡುವ ಆತುರ. ನನಗೆ ಕೆರೆ.

ಹೆಸರುಗಳಲ್ಲಿ ಒಂದು ಗೊಂದಲವಿದೆ, ಮೊದಲೇ ಹೇಳಿಬಿಡುತ್ತೇನೆ. ಷಿಯಾನ್ ಇರುವ ಪ್ರಾಂತ್ಯದ ಹೆಸರೂ ಯುನ್‌ಚೆಂಗ್ ಇರುವ ಪ್ರಾಂತ್ಯದ ಹೆಸರೂ ನಮ್ಮ ಕಿವಿಗೆ ಒಂದೇ, ಷಾನ್ಷಿ. ರಾಗ ಮಾತ್ರ ಬೇರೆ. ನಡುವೆ ಹಳದಿ ನದಿ ಹರಿಯುತ್ತದೆ. ಯುನ್‌ಚೆಂಗ್ ಅಂದ್ರೆ 'ಸಾಗಣೆಯ ಊರು'. ಸಾಗಿಸುತ್ತಿದ್ದುದು ಉಪ್ಪನ್ನೇ. ಉಪ್ಪಿನ ಲೆಕ್ಕ ನೋಡುವ ಸರ್ಕಾರಿ ಕಚೇರಿ ಇದ್ದುದರಿಂದ ಊರು ಬೆಳೆಯಿತು. ಉಪ್ಪು ಆಗ ಸರ್ಕಾರದ ಸ್ವತ್ತು, ಬೊಕ್ಕಸಕ್ಕೆ ದೊಡ್ಡ ಆದಾಯ. ಕದ್ದು ಒಯ್ಯದಂತೆ ಕೆರೆಯ ಸುತ್ತ ಗೋಡೆಯನ್ನೇ ಕಟ್ಟಿಸಿದ್ದರು. ಉಪ್ಪಿಗಾಗಿ ಗೋಡೆ, ಉಪ್ಪಿಗಾಗಿ ಊರು. ನಮ್ಮ ದಂಡಿ ಯಾತ್ರೆ ನೆನಪಾಯಿತು.

ಕೆರೆ ಎಂದರೆ ನಮ್ಮೂರ ಕೆರೆಯನ್ನು ಕಲ್ಪಿಸಿಕೊಳ್ಳಬೇಡಿ. ಸುಮಾರು 130 ಚದರ ಕಿಲೊಮೀಟರ್ ವಿಸ್ತಾರ. ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಮಲಗಿದೆ. ಉತ್ತರಕ್ಕೆ ಊರು, ದಕ್ಷಿಣಕ್ಕೆ ಗೋಡೆಯಂತೆ ಝೋಂಗ್‌ತಿಯಾವ್ ಬೆಟ್ಟಸಾಲು. ನೀರು ಹೊರಗೆ ಹರಿದು ಹೋಗಲು ದಾರಿಯಿಲ್ಲ. ಬಂದದ್ದೆಲ್ಲ ಅಲ್ಲೇ ಆವಿಯಾಗಬೇಕು. ಸಾವಿರಾರು ವರ್ಷಗಳಿಂದ ಹಾಗೆ ಆವಿಯಾಗಿ ಉಳಿದದ್ದು ಉಪ್ಪು. ಒಂದೇ ಉಪ್ಪಲ್ಲ, ಮುಖ್ಯವಾಗಿ ಮೂರು. ಅಡುಗೆ ಉಪ್ಪು, ಸೋಡಿಯಂ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್. ಇಡೀ ಕೆರೆಯನ್ನು ಬದುಗಳಿಂದ ಗದ್ದೆಗಳ ಹಾಗೆ ಭಾಗ ಮಾಡಿದ್ದಾರೆ. ಉಪ್ಪುನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲು ಗಾಳಿಗೆ ಬಿಟ್ಟು ಉಪ್ಪು ಬೆಳೆಯುವ ಪದ್ಧತಿ ಇಲ್ಲಿ ಟಾಂಗ್ ರಾಜರ ಕಾಲಕ್ಕೇ ಚೆನ್ನಾಗಿ ಬೆಳೆದಿತ್ತು. ನಮ್ಮ ಗೋಕರ್ಣದ ಕಡೆ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದವರಿಗೆ ಚಿತ್ರ ತಕ್ಷಣ ಸಿಗುತ್ತದೆ. ವ್ಯತ್ಯಾಸ ಒಂದೇ, ಇಲ್ಲಿ ಸಮುದ್ರ ನೂರಾರು ಮೈಲಿ ದೂರ.

ಬೇಸಿಗೆಯಲ್ಲಿ ಕೆಲವು ಮಡಿಗಳು ಕೆಂಪಗೆ, ಕೆಲವು ಹಸಿರಾಗಿ ಕಾಣುತ್ತವಂತೆ. ಉಪ್ಪುನೀರಿನಲ್ಲೂ ಬದುಕುವ ಸೂಕ್ಷ್ಮ ಪಾಚಿಯಿಂದ ಬರುವ ಬಣ್ಣ. 11ನೇ ಶತಮಾನದ ವಿದ್ವಾಂಸ ಶೆನ್ ಕ್ವೋ ಈ ಕೆಂಪು ನೀರಿನ ಬಗ್ಗೆ ಬರೆದಿದ್ದಾನೆ. ಜನ ಅದನ್ನು ಚಿಯೂ ಎಂಬ ಪುರಾಣದ ಯೋಧನ ರಕ್ತ ಎನ್ನುತ್ತಿದ್ದರು. ಈಗ ಅದೇ ಕೆಂಪು ನೀರಿನ ಡ್ರೋನ್ ವಿಡಿಯೊಗಳಿಗಾಗಿ ಜನ ಬರುತ್ತಾರೆ. ನಾನು ಹೋದದ್ದು ಚಳಿಗಾಲದಲ್ಲಾದ್ದರಿಂದ ನನಗೆ ಸಿಕ್ಕಿದ್ದು ಬೂದು, ಬಿಳಿ, ತಿಳಿನೀಲಿ ಅಷ್ಟೇ. ಕೊರಗಿಲ್ಲ. ನನಗೆ ಬೇಕಾದದ್ದು ಬಿಳಿಯೇ.

ಶನಿವಾರ ಬೆಳಗಿನ ಆರೂವರೆಗೆ ಗೆಳತಿಯ ಅಪ್ಪ ನನ್ನನ್ನು ಎಬ್ಬಿಸಿದರು. ಗೆಳತಿಯ ತಂದೆಯನ್ನು ಚೀನೀಯರು ಕರೆಯುವುದು 'ಶೂಶೂ' ಅಂತ, ಅಂದರೆ ಚಿಕ್ಕಪ್ಪ. ನಾನೂ ಹಾಗೇ ಕರೆದೆ. ಅರುವತ್ತೆಂಟು ವರ್ಷ. ಮಾತು ಕಡಿಮೆ. ನನಗೆ ಬರುವ ಚೀನೀ ಭಾಷೆ ತರಕಾರಿ ಅಂಗಡಿಯ ಮಟ್ಟದ್ದು, ಮಿಕ್ಕಿದ್ದಕ್ಕೆ ಮಗಳು ಮತ್ತು ಫೋನಿನ ಆ್ಯಪ್. ಥರ್ಮಾಮೀಟರ್ ಮೈನಸ್ ಏಳು ತೋರಿಸುತ್ತಿತ್ತು. "ಒಳ್ಳೆ ಚಳಿ" ಅಂದರು, ನಮ್ಮ ರೈತರು 'ಒಳ್ಳೆ ಮಳೆ' ಅನ್ನುವ ಧಾಟಿಯಲ್ಲಿ.

ಬದುವಿನ ಮೇಲೆ ನಡೆದು ಹೋಗಿ ಒಂದು ಮಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತೆವು. ನೀರಿನ ತಳದಿಂದ, ಅಂಚಿನ ಕಲ್ಲಿನಿಂದ, ನೀರಿಗೆ ಬಿದ್ದಿದ್ದ ಒಣ ಕಡ್ಡಿಯಿಂದ, ಎಲ್ಲೆಂದರಲ್ಲಿ ಹರಳು ಎದ್ದಿತ್ತು. ಸೂಜಿಯಂಥವು, ಜರೀಗಿಡದ ಎಲೆಯಂಥವು, ಕೆಲವು ಕಡೆ ಹೂಕೋಸಿನ ಗೊಂಚಲಿನಂಥವು. ಅಲ್ಲಿಯವರು ಇದನ್ನು 'ಷಿಯಾವ್ ಹ್ವಾ' ಅಂದರೆ ಷಿಯಾವ್ ಹೂ ಅಂತಲೇ ಕರೆಯುತ್ತಾರೆ. ಒಂದು ಕಡ್ಡಿಯನ್ನು ಶೂಶೂ ಎತ್ತಿ ಕೊಟ್ಟರು. ಮಂಜುಗಡ್ಡೆಯೇ ಅಂದುಕೊಳ್ಳಬೇಕು, ಹಾಗಿತ್ತು. ಅವರು ನಾಲಿಗೆ ತೋರಿಸಿ ಸನ್ನೆ ಮಾಡಿದರು. ಒಂದು ಚೂರು ಇಟ್ಟುಕೊಂಡೆ. ಮೊದಲು ತಣ್ಣಗೆ, ಆಮೇಲೆ ಉಪ್ಪು, ಕೊನೆಗೆ ಗಂಟಲ ಹತ್ತಿರ ಕಹಿ.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಬೇಕು, ಪಿಯುಸಿ ಪುಸ್ತಕ ತೆಗೆಯಬೇಕಾಗಿಲ್ಲ. ಅಡುಗೆ ಉಪ್ಪು ಬಿಸಿನೀರಿನಲ್ಲಿ ಎಷ್ಟು ಕರಗುತ್ತದೋ ತಣ್ಣೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಕರಗುತ್ತದೆ. ಸೋಡಿಯಂ ಸಲ್ಫೇಟ್ ಹಾಗಲ್ಲ. 32 ಡಿಗ್ರಿಯಲ್ಲಿ 100 ಗ್ರಾಂ ನೀರು ಹತ್ತಿರ ಹತ್ತಿರ 50 ಗ್ರಾಂ ಹಿಡಿದುಕೊಂಡರೆ, ಸೊನ್ನೆ ಡಿಗ್ರಿಯಲ್ಲಿ ಹಿಡಿಯುವುದು ಐದೇ ಗ್ರಾಂ. ಹಾಗಾಗಿ ಬೇಸಿಗೆಯ ಬಿಸಿಲಿಗೆ ಅಡುಗೆ ಉಪ್ಪು ಹರಳುಗಟ್ಟುತ್ತದೆ, ಚಳಿಗಾಲದ ರಾತ್ರಿಗೆ ಈ ಇನ್ನೊಂದು ಉಪ್ಪು ತಾನಾಗಿ ಬೇರೆಯಾಗಿ ಮೇಲೇಳುತ್ತದೆ. ಮೂರು ಉಪ್ಪು ಬೆರೆತ ನೀರನ್ನು ಯಾವ ಯಂತ್ರವೂ ಇಲ್ಲದೆ ಬಿಡಿಸಿಕೊಡುವುದು ಋತುಮಾನ. ಹರಳಾಗುವಾಗ ಅದು ತನ್ನ ಜೊತೆ ನೀರನ್ನೂ ಕಟ್ಟಿಕೊಳ್ಳುತ್ತದೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 56 ಪರ್ಸೆಂಟ್ ಬರೀ ನೀರು. ಅದಕ್ಕೇ ಅಷ್ಟು ಪಾರದರ್ಶಕ. ಅದಕ್ಕೇ ಅಷ್ಟು ಚಂಚಲ ಕೂಡ. ಒಣಗಾಳಿಗೆ ಇಟ್ಟರೆ ನೀರು ಬಿಟ್ಟು ಬಿಳಿ ಹಿಟ್ಟಾಗುತ್ತದೆ. 32 ಡಿಗ್ರಿ ದಾಟಿದರೆ ತನ್ನದೇ ನೀರಿನಲ್ಲಿ ತಾನೇ ಕರಗುತ್ತದೆ. ನಮ್ಮ ರಾಯಚೂರಿನ ಮೇ ತಿಂಗಳಲ್ಲಿ ಇದನ್ನು ಹರಳಾಗಿ ಇಟ್ಟುಕೊಳ್ಳುವ ಮಾತೇ ಇಲ್ಲ.

ಕೆರೆಯಿಂದ ಬಾಚಿದ ಹರಳು ನೇರವಾಗಿ ಔಷಧಿಯಾಗುವುದಿಲ್ಲ. ಅದರಲ್ಲಿ ಮಣ್ಣು, ಬೇರೆ ಉಪ್ಪು ಇರುತ್ತದೆ. ಶುದ್ಧ ಮಾಡುವ ಹಳೆಯ ಕ್ರಮ ಕೇಳಿ ನಾನು ಎರಡು ಸಲ ಮಗಳ ಕಡೆ ತಿರುಗಿ ಖಾತ್ರಿ ಮಾಡಿಕೊಂಡೆ. ಮೂಲಂಗಿ! ಬಿಳಿ ಮೂಲಂಗಿಯನ್ನು ಹೋಳು ಮಾಡಿ ನೀರಿನಲ್ಲಿ ಬೇಯಿಸಿ, ಅದೇ ನೀರಿನಲ್ಲಿ ಹರಳನ್ನು ಕರಗಿಸಿ, ಸೋಸಿ, ಚಳಿಯಲ್ಲಿ ಇಡುವುದು. ಬೆಳಗಾಗುವುದರೊಳಗೆ ಪಾತ್ರೆಯಲ್ಲಿ ಹೊಸ ಹರಳು. ಅದು ಮಾಂಗ್ ಷಿಯಾವ್. 'ಮಾಂಗ್' ಅಂದರೆ ತೆನೆಯ ಮುಳ್ಳು, ಭತ್ತದ ತೆನೆಗೆ ಇರುತ್ತದಲ್ಲ ಆ ಕೂದಲಿನಂಥದ್ದು. ಈ ಹರಳನ್ನು ಗಾಳಿಗೆ ಬಿಟ್ಟು ನೀರೆಲ್ಲ ಹೋದ ಮೇಲೆ ಉಳಿಯುವ ಬಿಳಿ ಪುಡಿ ಇನ್ನೊಂದು ಔಷಧಿ, ಷ್ವಾನ್ ಮಿಂಗ್ ಫೆನ್. ಕಲ್ಲಂಗಡಿಯದು ಇನ್ನೂ ತಮಾಷೆ. ಹಣ್ಣಿನ ಹೋಳಿಗೆ ಮಾಂಗ್ ಷಿಯಾವ್ ಬೆರೆಸಿ ಮೆರುಗು ಹಚ್ಚದ ಮಣ್ಣಿನ ಮಡಕೆಗೆ ತುಂಬಿ, ಬಾಯಿ ಕಟ್ಟಿ, ತಂಪು ಜಾಗದಲ್ಲಿ ತೂಗುಹಾಕುತ್ತಾರೆ. ಕೆಲವು ದಿನಕ್ಕೆ ಮಡಕೆಯ ಹೊರಮೈ ಮೇಲೆ ಹಿಮದಂತೆ ಬಿಳಿ ಪುಡಿ ಒಸರುತ್ತದೆ. ಅದನ್ನು ಬ್ರಷ್ಷಿನಿಂದ ಗುಡಿಸಿ ತೆಗೆದರೆ 'ಕಲ್ಲಂಗಡಿ ಹಿಮ'. ಬಾಯಿಹುಣ್ಣಿಗೆ, ಗಂಟಲು ನೋವಿಗೆ. ಅದನ್ನು ಬೇರೆ ಮೂಲಿಕೆ ಜೊತೆ ಬೆರೆಸಿದ ಸ್ಪ್ರೇ ಚೀನಾದ ಔಷಧಿ ಅಂಗಡಿಗಳಲ್ಲಿ ಸಾಮಾನ್ಯ. ಹಾಟ್‌ಪಾಟ್ ತಿಂದು ನಾಲಿಗೆ ಸುಟ್ಟುಕೊಂಡಾಗ ನಾನೇ ಬಳಸಿದ್ದೆ, ಅದರ ಮೂಲ ಈ ಕೆರೆಯಂಥ ಕೆರೆ ಅಂತ ಆಗ ಗೊತ್ತಿರಲಿಲ್ಲ. ನಮ್ಮ ಹಳೆ ಮನೆಗಳ ಗೋಡೆಗೆ ಸವಳು ಹಿಡಿದು ಬಿಳಿ ಪುಡಿ ಉದುರುತ್ತದಲ್ಲ, ಮಡಕೆಯ ಮೇಲೆ ನಡೆಯುವುದೂ ಅದೇ ಕ್ರಿಯೆ. ಆ ಗೋಡೆಯ ಪುಡಿಯಲ್ಲೂ ಅನೇಕ ಸಲ ಇರುವುದು ಇದೇ ಸೋಡಿಯಂ ಸಲ್ಫೇಟ್. ಹಾಗಂತ ಗೋಡೆ ಕೆರೆದು ಬಾಯಿಗೆ ಹಾಕಿಕೊಳ್ಳಬೇಡಿ.

ಹೊಟ್ಟೆಗೆ ಕೊಡುವ ಮಾಂಗ್ ಷಿಯಾವ್‌ನ ಕೆಲಸ ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಭೇದಿ. ಸುಮಾರು 1800 ವರ್ಷ ಹಿಂದೆ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟ ಒಂದು ಕಷಾಯವಿದೆ, 'ಡಾ ಚೆಂಗ್ ಚಿ ಟಾಂಗ್'. ರೂಬಾರ್ಬ್ ಬೇರು, ಮ್ಯಾಗ್ನೋಲಿಯಾ ತೊಗಟೆ, ಎಳೆಯ ಕಹಿ ಕಿತ್ತಳೆ, ಈ ಉಪ್ಪು. ಮೊದಲ ಮೂರನ್ನು ಕುದಿಸಿ ಸೋಸಿದ ಮೇಲೆ ಕೊನೆಗೆ ಉಪ್ಪನ್ನು ಕರಗಿಸಬೇಕು. ಜ್ವರ ಏರಿ, ಹೊಟ್ಟೆ ಉಬ್ಬಿ, ಮಲ ಕಲ್ಲಾಗಿ ನಿಂತುಹೋದಾಗ ಕೊಡುವ ಜೋರಾದ ಔಷಧಿ. ಚೀನೀ ವೈದ್ಯರ ಲೆಕ್ಕದಲ್ಲಿ ಇದರ ರುಚಿ ಉಪ್ಪು ಮತ್ತು ಕಹಿ, ಗುಣ ತಂಪು. ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವುದು ಉಪ್ಪುರುಚಿಯ ಸ್ವಭಾವ. ಇಂದಿನ ವೈದ್ಯ ವಿಜ್ಞಾನದ ವಿವರಣೆ ಬೇರೆ. ಸಲ್ಫೇಟ್ ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುವುದಿಲ್ಲ. ಅದು ಅಲ್ಲೇ ಕೂತು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಮಲ ಮೆತ್ತಗಾಗಿ ಹೊರಗೆ ಹೋಗುತ್ತದೆ. ಎರಡೂ ವಿವರಣೆ ಕೊನೆಗೆ ಬಚ್ಚಲ ಪಕ್ಕದ ಅದೇ ಬಾಗಿಲಿಗೆ ಬರುತ್ತವೆ. ಭಾನುವಾರ ಬೆಳಿಗ್ಗೆ ಹರಳೆಣ್ಣೆ ಕುಡಿಸಿಕೊಂಡು ಬೆಳೆದ ನಮ್ಮ ಪೀಳಿಗೆಯ ಕೊನೆಯ ಬ್ಯಾಚಿನವಳು ನಾನು, ನನಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಇದು ಚೀನಾದವರ ಗುಟ್ಟಿನ ಮದ್ದು ಅಂತಲೂ ತಿಳಿಯಬೇಡಿ. 17ನೇ ಶತಮಾನದಲ್ಲಿ ಜರ್ಮನಿಯ ಯೋಹಾನ್ ಗ್ಲೌಬರ್ ಇದೇ ಉಪ್ಪನ್ನು ಕಂಡು ಲ್ಯಾಟಿನ್‌ನಲ್ಲಿ 'ಸಾಲ್ ಮಿರಾಬಿಲಿಸ್', ಅಂದರೆ ಅದ್ಭುತ ಉಪ್ಪು ಎಂದು ಹೆಸರಿಟ್ಟ. ಖನಿಜಕ್ಕೆ ಮಿರಾಬಿಲೈಟ್ ಅನ್ನುವ ಹೆಸರು ಅಲ್ಲಿಂದ ಬಂತು. ಇವತ್ತು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿಗೆ ಮುಂಚೆ ನೀರಿಗೆ ಬೆರೆಸಿ ಕುಡಿಯಲು ಕೊಡುವ ಪುಡಿಗಳಲ್ಲಿ ಹಲವಕ್ಕೆ ಸೋಡಿಯಂ ಸಲ್ಫೇಟ್ ಸೇರಿಸಿರುತ್ತಾರೆ. ನಮ್ಮ ಚಿಕ್ಕಮ್ಮನಿಗೆ ಕೊಟ್ಟ ಪ್ಯಾಕೆಟ್ಟಿನ ಹಿಂದೆಯೂ ಅದು ಇತ್ತು. ಅಲ್ಲಿ ಉಳಿದ ಲವಣಗಳ ಜೊತೆ ಅಳೆದು ಸಮತೋಲ ಮಾಡಿರುತ್ತಾರೆ ಅನ್ನುವುದೇ ದೊಡ್ಡ ವ್ಯತ್ಯಾಸ.

ಈ ಉಪ್ಪಿನ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಹೆಸರಿನ ಗೊಂದಲ. 'ಷಿಯಾವ್' ಅನ್ನುವ ಪದ ಹಳೆಯ ಕಾಲದಲ್ಲಿ ಹಲವು ಬಿಳಿ ಹರಳುಗಳಿಗೆ ಅಂಟಿಕೊಂಡಿತ್ತು. ಅದರಲ್ಲೊಂದು ನಮ್ಮ ಪೆಟ್ಲುಪ್ಪು, ಮುಂದೆ ಮದ್ದುಗುಂಡಿಗೆ ಹೋದದ್ದು. ನೋಡಲು ಒಂದೇ ಥರ, ಗುಣ ಪೂರ್ತಿ ಬೇರೆ. ವೈದ್ಯನ ಕೈಗೆ ಯಾವುದು ಬಂತು ಅಂತ ಹೇಗೆ ತಿಳಿಯುವುದು? ಸುಮಾರು 1500 ವರ್ಷ ಹಿಂದೆ ತಾವ್ ಹೋಂಗ್‌ಜಿಂಗ್ ಎಂಬ ವೈದ್ಯ ವಿದ್ವಾಂಸ ಒಂದು ಉಪಾಯ ಬರೆದಿಟ್ಟ. ಬೆಂಕಿಗೆ ಹಾಕಿ ನೋಡು, ನೇರಳೆ ಬಣ್ಣ ಎದ್ದರೆ ಅದು ಪೆಟ್ಲುಪ್ಪು. ನಾವು ಲ್ಯಾಬಿನಲ್ಲಿ ಮಾಡಿ ರೆಕಾರ್ಡ್ ಬುಕ್ಕಿನಲ್ಲಿ ಬರೆದ ಪೊಟ್ಯಾಸಿಯಂನ ಜ್ವಾಲೆ ಪರೀಕ್ಷೆಯೇ ಅದು. ಇಷ್ಟಾದರೂ ಗೊಂದಲ ಮುಗಿಯಲಿಲ್ಲ. ಜಪಾನಿನ ನಾರಾದಲ್ಲಿ ಷೋಸೋಯಿನ್ ಎಂಬ ಮರದ ಭಂಡಾರವಿದೆ. 756ರಲ್ಲಿ ತೀರಿಹೋದ ಚಕ್ರವರ್ತಿಯ ನೆನಪಿಗೆ ರಾಣಿ ಕೋಮ್ಯೋ ಅರುವತ್ತು ಬಗೆಯ ಔಷಧಿಗಳನ್ನು ಪಟ್ಟಿ ಸಮೇತ ದಾನ ಕೊಟ್ಟಿದ್ದಳು. ಪಟ್ಟಿಯಲ್ಲಿ ಮಾಂಗ್ ಷಿಯಾವ್ ಕೂಡ ಇದೆ. 20ನೇ ಶತಮಾನದಲ್ಲಿ ಅದನ್ನು ಪರೀಕ್ಷಿಸಿದರೆ ಸಿಕ್ಕಿದ್ದು ಸೋಡಿಯಂ ಸಲ್ಫೇಟ್ ಅಲ್ಲ, ಮೆಗ್ನೀಸಿಯಂ ಸಲ್ಫೇಟ್! ನಾವು ಎಪ್ಸಮ್ ಸಾಲ್ಟ್ ಅನ್ನುವುದು. ಅದೂ ಭೇದಿಯ ಮದ್ದೇ ಆದ್ದರಿಂದ ಅರಮನೆಯ ರೋಗಿಗಳಿಗೆ ಫಲಿತಾಂಶದಲ್ಲಿ ವ್ಯತ್ಯಾಸ ಗೊತ್ತಾಗಿರಲಿಕ್ಕಿಲ್ಲ. ಹಳೆಯ ಗ್ರಂಥದಲ್ಲಿರುವ ಹೆಸರು ಇವತ್ತಿನ ಅಂಗಡಿಯ ಪೊಟ್ಟಣಕ್ಕೆ ಹೊಂದುತ್ತದೆ ಅಂತ ಕಣ್ಮುಚ್ಚಿ ನಂಬುವ ನಮ್ಮ ವಾಟ್ಸ್ಆ್ಯಪ್ ವೈದ್ಯರಿಗೆ ಈ ಕತೆ ಹೇಳಬೇಕು.

ಕೆರೆಯಿಂದ ವಾಪಸ್ ಬಂದು ಊಟಕ್ಕೆ ಕೂತಾಗ ಮನೆಯಲ್ಲಿ ಜಗಳ ಶುರುವಾಯಿತು. ಭಾಷೆ ಅರ್ಥವಾಗದಿದ್ದರೂ ಅಪ್ಪ ಮಗಳ ಜಗಳ ಯಾವ ದೇಶದಲ್ಲಾದರೂ ಗೊತ್ತಾಗುತ್ತದೆ. ಗೆಳತಿ ಅಡುಗೆಮನೆಯ ಕಪಾಟಿನ ಹಿಂದಿನಿಂದ ಒಂದು ಗಾಜಿನ ಜಾಡಿ ತಂದು ಮೇಜಿನ ಮೇಲೆ ಕುಕ್ಕಿದಳು. ಅರ್ಧ ಹರಳು, ಅರ್ಧ ಬಿಳಿ ಹಿಟ್ಟು. ಶೂಶೂಗೆ ಬಹಳ ವರ್ಷದಿಂದ ಮಲಬದ್ಧತೆ. ಜೊತೆಗೆ ಬಿ.ಪಿ., ಕಳೆದ ವರ್ಷದಿಂದ ಕಿಡ್ನಿ ರಿಪೋರ್ಟಿನಲ್ಲೂ ಏರುಪೇರು. ಡಾಕ್ಟರು ಬೇಡ ಅಂದ ಮೇಲೂ ವಾರಕ್ಕೆರಡು ಸಲ ಒಂದು ಚಮಚ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದರಂತೆ.

"ನಾನು ನಲವತ್ತು ವರ್ಷ ಈ ಕೆರೆ ಬಾಚಿದ್ದೇನೆ. ನನಗೆ ಗೊತ್ತಿಲ್ಲದ ಉಪ್ಪಾ ಇದು?" ಅಂದರಂತೆ ಅವರು.

"ಕೆರೆ ಗೊತ್ತು ನಿನಗೆ. ನಿನ್ನ ಕಿಡ್ನಿ ಗೊತ್ತಾ ಅಪ್ಪಾ?" ಮಗಳು.

ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಬೇಡ ಅಂದವರು ಬರೀ ಇಂಗ್ಲಿಷ್ ಡಾಕ್ಟರಲ್ಲ, ಊರಿನ ಚೀನೀ ಪದ್ಧತಿಯ ವೈದ್ಯೆಯೂ ಅದನ್ನೇ ಹೇಳಿದ್ದಾರೆ. ಇದು ಗಟ್ಟಿಮುಟ್ಟಾದವರಿಗೆ, ತಾತ್ಕಾಲಿಕ ತೊಂದರೆಗೆ, ಒಂದೆರಡು ದಿನ ಕೊಡುವ ಔಷಧಿ; ವಯಸ್ಸಾಗಿ ಕರುಳು ಸೋತವರಿಗೆ ದಿನವಹಿ ಕೊಡುವುದಲ್ಲ. ಗರ್ಭಿಣಿಯರಿಗಂತೂ ಎಚ್ಚರಿಕೆಯ ಪಟ್ಟಿಯಲ್ಲಿರುವ ಔಷಧಿ. ನಾನು ಫೋನಿನಲ್ಲಿ ಲೆಕ್ಕ ಮಾಡಿ ತೋರಿಸಿದೆ, ಇಂಜಿನಿಯರ್ ಬುದ್ಧಿ ಬಿಡಬೇಕಲ್ಲ. ಹತ್ತು ಗ್ರಾಂ ಹರಳಿನಲ್ಲಿ 1.4 ಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿ ಎರಡು ಗ್ರಾಮಿಗಿಂತ ಕಡಿಮೆ. ಅಷ್ಟೂ ರಕ್ತಕ್ಕೆ ಸೇರದಿದ್ದರೂ ಬಿ.ಪಿ., ಕಿಡ್ನಿ ಇರುವವರಿಗೆ ಅದು ಆಟವಲ್ಲ. ಗಾಳಿಗೆ ಒಣಗಿದ ಪುಡಿಯಾದರೆ ಅದೇ ಚಮಚದಲ್ಲಿ ಇನ್ನೂ ಹೆಚ್ಚು, ಏಕೆಂದರೆ ನೀರಿನ ತೂಕ ಹೋಗಿರುತ್ತದೆ. ಜಾಡಿಯಲ್ಲಿದ್ದದ್ದು ಅರ್ಧ ಹರಳು ಅರ್ಧ ಪುಡಿ. ಒಂದು ಚಮಚ ಅಂದರೆ ಎಷ್ಟು ಅಂತ ಕೆರೆ ಬಾಚಿದವರಿಗೂ ಹೇಳಲಾಗದು.

ಶೂಶೂ ನನ್ನ ಫೋನ್ ನೋಡಿದರು, ಏನೂ ಹೇಳದೆ ನೂಡಲ್ಸ್ ತಿಂದರು. ಆಮೇಲೆ ತೂಕಡಿಸುತ್ತಿದ್ದ ಮೊಮ್ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಜಾಡಿ ಮೇಜಿನ ಮೇಲೇ ಇತ್ತು.

ಸಂಜೆ ಅವರು ತಾವಾಗಿಯೇ ಮಾತಿಗೆ ಕೂತರು. ಹಿಂದೆಲ್ಲ ಚಳಿ ಬಿದ್ದಷ್ಟೂ ಕೆಲಸ ಜಾಸ್ತಿ. ರಾತ್ರಿ ಪಾಳಿ. ಮಡಿಯಲ್ಲಿ ಹೆಪ್ಪುಗಟ್ಟಿದ್ದನ್ನು ಸಲಿಕೆಯಲ್ಲಿ ಬಾಚಿ ರಾಶಿ ಹಾಕಬೇಕು, ಬಿಸಿಲೇರಿದರೆ ಕರಗಿಹೋಗುತ್ತದೆ. ರಬ್ಬರ್ ಬೂಟಿನೊಳಗೆ ಉಪ್ಪುನೀರು ಹೋದರೆ ಹಿಮ್ಮಡಿ ಬಿರಿದು ರಕ್ತ. ಅಂಗೈ ತೋರಿಸಿದರು. ಗೆರೆಗಳು ಬಿರುಕಿನಂತಿದ್ದವು. ಆಮೇಲೆ ಯಂತ್ರಗಳು ಬಂದವು. ಹರಳಿನಲ್ಲಿ ಔಷಧಿಗೆ ಹೋಗುತ್ತಿದ್ದುದು ಸ್ವಲ್ಪವೇ. ಉಳಿದದ್ದನ್ನು ಒಣಗಿಸಿ ಗಾಜು, ಕಾಗದ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆ ತೊಳೆಯುವ ಪುಡಿಗೆ ಕಳಿಸುತ್ತಿದ್ದರು. ನಿಮ್ಮ ಮನೆಯ ಡಿಟರ್ಜೆಂಟ್ ಪುಡಿಯಲ್ಲೂ ಇದು ಇರುವ ಸಾಧ್ಯತೆ ಇದೆ. ಕೊಳೆ ತೆಗೆಯಲು ಅಲ್ಲ, ಪುಡಿಯ ಗಾತ್ರ ತುಂಬಲು, ಗಂಟುಕಟ್ಟದೆ ಉದುರುದುರಾಗಿ ಇರಲು. ಆ ಕಾರ್ಖಾನೆ ಪುಡಿಗೆ ಚೀನಿಯಲ್ಲಿ ಈಗಲೂ ಇರುವ ಹೆಸರು 'ಯುವಾನ್ ಮಿಂಗ್ ಫೆನ್', ಔಷಧಿಯ ಷ್ವಾನ್ ಮಿಂಗ್ ಫೆನ್ ಹೆಸರಿನದೇ ಇನ್ನೊಂದು ರೂಪ.

2020ರಲ್ಲಿ ಕೆರೆಯಲ್ಲಿ ಕೈಗಾರಿಕಾ ಉತ್ಪಾದನೆ ನಿಂತಿತು. ಕೆರೆಯನ್ನು ಕೆರೆಯಾಗಿ ಉಳಿಸಬೇಕು ಅನ್ನುವ ತೀರ್ಮಾನ. ಈಗ ದಂಡೆಯುದ್ದಕ್ಕೂ ನಡೆಯುವ ದಾರಿ, ಕೂರಲು ಜಾಗ, ಚಳಿಗಾಲಕ್ಕೆ ಹಕ್ಕಿಗಳು. ಈಚಿನ ವರ್ಷಗಳಲ್ಲಿ ಫ್ಲೆಮಿಂಗೊಗಳೂ ಬಂದಿವೆ. ನನಗೆ ಇದು ಒಳ್ಳೆಯದೇ ಅನ್ನಿಸಿತು. ರಾಶಿ ಹಾಕಿದ್ದ ಜಾಗಗಳ ಹಳೆಯ ಫೋಟೊಗಳನ್ನು ಶೂಶೂ ತೋರಿಸಿದಾಗ ಅದು ಸುಂದರ ಜಾಗವಾಗಿಯೇನೂ ಕಾಣಲಿಲ್ಲ. ಆದರೆ ನಲವತ್ತು ವರ್ಷ ಆ ರಾತ್ರಿಗಳನ್ನು ಕಳೆದವರ ಮುಂದೆ 'ಒಳ್ಳೆಯದಾಯಿತು' ಅಂತ ಹೇಳುವುದು ಹೇಗೆ? ಧೈರ್ಯ ಮಾಡಿ ಕೇಳಿದೆ: "ನಿಮಗೆ ಬೇಜಾರಾಗುತ್ತಾ?"

ಸ್ವಲ್ಪ ಹೊತ್ತು ಯೋಚಿಸಿದರು. "ಹಿಮ್ಮಡಿಗೆ ಬೇಜಾರಿಲ್ಲ" ಅಂದರು. ಆಮೇಲೆ, "ಈಗ ಹುಡುಗರು ಷಿಯಾವ್ ಹೂವಿನ ಫೋಟೊ ತೆಗೆಯಲು ಬರುತ್ತಾರೆ. ಚಳಿ ಯಾವ ರಾತ್ರಿ ಸಾಕಾಗುತ್ತದೆ ಅಂತ ನನ್ನನ್ನು ಫೋನ್ ಮಾಡಿ ಕೇಳುತ್ತಾರೆ. ದುಡ್ಡು ಕೊಡುವುದಿಲ್ಲ" ಅಂತ ನಕ್ಕರು.

ಭಾನುವಾರ ಉತ್ತರ ದಂಡೆಯ ಮೇಲಿರುವ ಕೆರೆ ದೇವರ ಗುಡಿಗೆ ಹೋದೆವು. ಟಾಂಗ್ ಕಾಲದಲ್ಲಿ ಆರಂಭವಾದ ಗುಡಿ. ಬರೀ ಕೆರೆಗಲ್ಲ, ಎದುರಿನ ಬೆಟ್ಟದಿಂದ ಬೀಸುವ ಗಾಳಿಗೂ ಇಲ್ಲಿ ದೇವರ ಸ್ಥಾನ. ದಕ್ಷಿಣದ ಗಾಳಿ ಬೀಸಿದರೆ ಬೇಸಿಗೆಯಲ್ಲಿ ಉಪ್ಪು ಬೇಗ ಕಟ್ಟುತ್ತದೆ, ಅದಕ್ಕೆ. ಚಳಿಗೆ ಗುಡಿ ಇದೆಯಾ ಅಂತ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಬೇಸಿಗೆಯ ಉಪ್ಪಿನಿಂದ ರಾಜರಿಗೆ ತೆರಿಗೆ ಬರುತ್ತಿತ್ತು, ಚಳಿಗಾಲದ್ದು ಬರೀ ಔಷಧಿ. ಗುಡಿ ಯಾವುದಕ್ಕೆ ಕಟ್ಟುತ್ತಾರೆ ಅಂತ ಗೊತ್ತಲ್ಲ. ಅಲ್ಲಿಂದ ಮುಂದೆ ಷಿಯೆಝೋವಿನಲ್ಲಿ ಗ್ವಾನ್ ಯೂ ದೇವಾಲಯ. ಚೀನೀ ಹೋಟೆಲುಗಳಲ್ಲಿ ಕೆಂಪು ಮುಖ, ಉದ್ದ ಗಡ್ಡದ ಒಬ್ಬ ವೀರನ ಮೂರ್ತಿ ನೋಡಿರುತ್ತೀರಿ, ಅವನು ಈ ಕೆರೆ ಸೀಮೆಯವನೇ. ಬತ್ತಿದ ಕೆರೆಗೆ ಉಪ್ಪು ಮರಳಿಸಲು ಅವನು ಚಿಯೂ ಜೊತೆ ಕಾದಾಡಿದ ಅಂತ ಒಂದು ಕತೆ ಇದೆ. ದೇವಾಲಯ ದೊಡ್ಡದು, ಜನವೂ ಜಾಸ್ತಿ. ನಾವು ಬೇಗ ಹೊರಟೆವು, ಮಗುವಿಗೆ ಹಸಿವಾಗಿತ್ತು.

ರೈಲಿಗೆ ಹೊರಡುವಾಗ ಶೂಶೂ ಆ ಗಾಜಿನ ಜಾಡಿಯನ್ನು ಮಗಳ ಕೈಗೆ ಕೊಟ್ಟರು. ಕುಡಿಯಲು ಅಲ್ಲ, ಅವಳ ಬಟ್ಟೆ ಚೀಲಗಳಿಗೆ. ಇನ್ನೂ ಒಂದು ವಾರ ಬೇಕಾಗುತ್ತದೆ ಅಂದರಂತೆ. ಅವಳು ಏನೂ ಹೇಳಲಿಲ್ಲ. ರೈಲು ಹಳದಿ ನದಿ ದಾಟುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದಳು. ನನಗೂ ಒಂದು ಪೊಟ್ಟಣ ಕೊಡಲು ಬಂದಿದ್ದರು, ಕೈಮುಗಿದು ಬೇಡ ಅಂದೆ. ಹೆಸರಿಲ್ಲದ ಬಿಳಿ ಪುಡಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಏರ್‌ಪೋರ್ಟ್ ದಾಟುವ ಧೈರ್ಯ ನನಗಿರಲಿಲ್ಲ.

ಹೋಗುವುದಾದರೆ: ಷಿಯಾನ್ ಉತ್ತರ ನಿಲ್ದಾಣದಿಂದ ಯುನ್‌ಚೆಂಗ್ ಉತ್ತರ ನಿಲ್ದಾಣಕ್ಕೆ ಹೈಸ್ಪೀಡ್ ರೈಲುಗಳಿವೆ. ಬಣ್ಣದ ನೀರು ಬೇಕಿದ್ದರೆ ಬೇಸಿಗೆ, ಷಿಯಾವ್ ಹೂ ಬೇಕಿದ್ದರೆ ಡಿಸೆಂಬರ್ ಕೊನೆಯಿಂದ ಜನವರಿ. ರಾತ್ರಿಯ ತಾಪಮಾನ ಮೈನಸ್ ಐದಕ್ಕಿಂತ ಕೆಳಗಿಳಿದ ಮರುದಿನ, ಬಿಸಿಲೇರುವ ಮೊದಲು ದಂಡೆಯಲ್ಲಿರಬೇಕು. ಬದುಗಳು ಜಾರುತ್ತವೆ, ಹಳೆಯ ಶೂ ಹಾಕಿಕೊಳ್ಳಿ. ಗ್ಲೌಸ್ ಎರಡು ಜೊತೆ ಇರಲಿ. ಹರಳು ಮುಟ್ಟಿದ ಮೇಲೆ ಒಂದು ಜೊತೆ ಒದ್ದೆಯಾಗಿರುತ್ತದೆ.